ಶಲ್ಯದ ಕೆಳಗೆ ಸಿಕ್ಕ ಬಿ.ಎ.

ನನಗೆ ಚೌಕಾಸಿ ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಏಕೆಂದರೆ ಗದಗಿನ ಕಾಯಿಪಲ್ಲೆ ಮಾರುಕಟ್ಟೆಯಲ್ಲಿ ಇದು ಗುಟ್ಟಾಗಿಯೇನೂ ಉಳಿದಿಲ್ಲ. ನಾನು ದೂರದಲ್ಲಿ ಬರುವುದು ಕಂಡರೆ ಸಾಕು, ಬದನೆಕಾಯಿಯ ಬೆಲೆ ತಾನಾಗಿ ಏರುತ್ತದೆ. ಹೇಳಿದ ಬೆಲೆ ಕೇಳಿ, ಮುಖದ ಮೇಲೆ ಆದಷ್ಟು ಸಿಟ್ಟು ತಂದುಕೊಂಡು, “ಸ್ವಲ್ಪ ನೋಡಿ ಹೇಳವಾ” ಎನ್ನುತ್ತೇನೆ. “ನೀವು ಅಂತ ನೋಡೇ ಹೇಳೀನ್ರಿ ಅಕ್ಕಾರ” ಎನ್ನುತ್ತಾಳೆ ಮಾರುವವಳು. ಅಲ್ಲಿಗೆ ನನ್ನ ವ್ಯವಹಾರ ಮುಗಿಯಿತು. ಕೇಳಿದಷ್ಟು ಕೊಟ್ಟು, ಉಪಕಾರವಾಯಿತೆಂಬಂತೆ ತಲೆಯಾಡಿಸಿ ಬರುತ್ತೇನೆ. ಮನೆಗೆ ಬಂದ ಮೇಲೆ ಏನೇನು ಹೇಳಬೇಕಿತ್ತು ಎಂಬುದೆಲ್ಲ ಸಾಲಾಗಿ ಹೊಳೆಯುತ್ತದೆ. ಇಂಥ ನಾನು ಬಿ.ಎ. ಓದಿದ್ದು ಗದಗ ಪೇಟೆ ಕಂಡ ಭಾರೀ ಚೌಕಾಸಿಯೊಂದರಿಂದ ಎಂದರೆ ನೀವು ನಂಬಲಿಕ್ಕಿಲ್ಲ. ಆ ಚೌಕಾಸಿಯಲ್ಲಿ ನಾನು ಕೊಳ್ಳುವವಳೂ ಅಲ್ಲ, ಮಾರುವವಳೂ ಅಲ್ಲ. ನಡುವೆ ನಿಂತ ಮಾಲು.

ನಮ್ಮೂರು ಶಿರಹಟ್ಟಿ. ಸ್ವಾತಂತ್ರ್ಯ ಬರುವ ತನಕ ಅದು ಸಂಸ್ಥಾನದ ಊರು. ಗದಗ, ಮುಂಡರಗಿ ಇಂಗ್ರೇಜಿಯವರ ಮುಲ್ಕು. ಲಕ್ಷ್ಮೇಶ್ವರ ಇನ್ನೊಂದು ಸಂಸ್ಥಾನ. ಚಕ್ಕಡಿ ಹೂಡಿಕೊಂಡು ನಾಲ್ಕು ಬೀಗರ ಮನೆಗೆ ಹೋಗಿ ಬರುವುದರಲ್ಲಿ ಮೂರು ಸರಕಾರ ದಾಟಬೇಕಾಗುತ್ತಿತ್ತು. ಎತ್ತುಗಳಿಗೆ ಮಾತ್ರ ಇದು ಗೊತ್ತಿರಲಿಲ್ಲ. ಸಂಸ್ಥಾನಗಳು ವಿಲೀನವಾದಾಗ ಊರ ದೊಡ್ಡವರು ಭಾಷಣ ಮಾಡಿದರು, ನಾವು ಹುಡುಗಿಯರು ಪೇಡೆ ತಿಂದೆವು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಭಾಷಣ ಮುಗಿಯುವ ತನಕ ಕಾದು, “ರಾಜರು ಹ್ವಾದ್ರ ಹೋಗ್ಲಿ, ಇನ್ನ ಮ್ಯಾಲೆ ಕರಪಟ್ಟಿ ಒಯ್ಯಾಕ ಯಾರು ಬರ್ತಾರ ಅದನ್ನ ಹೇಳ್ರಿ” ಎಂದು ಕೇಳಿದಳು. ವಿಲೀನದಿಂದ ನನಗೆ ಪೇಡೆಯ ಹೊರತು ಇನ್ನೇನಾದರೂ ಸಿಕ್ಕೀತೆಂದು ಆಗ ಯಾರೂ ಎಣಿಸಿರಲಿಲ್ಲ. ಆದರೆ ಮುಂದೆ ನಾನು ಮ್ಯಾಟ್ರಿಕ್ ಪಾಸಾದ ವರ್ಷ, ನಮ್ಮ ಹೆಡ್‌ಮಾಸ್ತರರು ಅಪ್ಪನ ಅಂಗಡಿಗೇ ಬಂದು ಒಂದು ಸುದ್ದಿ ಹೇಳಿದರು. ಗದಗಿನ ಹತ್ತಿ ಪೇಟೆಯವರ ಫಂಡೊಂದು ಕಾಲೇಜು ಓದುವವರ ಪೂರ್ತಿ ಫೀ ತುಂಬುತ್ತದೆ. ಜಿಲ್ಲೆಯವರಿಗೆ ಮಾತ್ರ ಎಂಬ ಕಾಯಿದೆಯಿಂದಾಗಿ ಇಷ್ಟು ದಿನ ನಮ್ಮೂರವರು ಹೊರಗಿದ್ದರು. ಈಗ ನಾವೂ ಜಿಲ್ಲೆಯೊಳಗೆ ಬಂದಿದ್ದೇವೆ. ಹುಡುಗಿ ಅರ್ಜಿ ಹಾಕಲಿ.

ಅಪ್ಪನದು ಕಾಳುಕಡಿ, ಬೆಲ್ಲದ ಅಂಗಡಿ. ಧಾರವಾಡದಲ್ಲಿ ನನ್ನ ಊಟ-ವಸತಿಯ ಖರ್ಚನ್ನು ಹೇಗೋ ನೀಗಿಸಬಹುದು, ಆದರೆ ಕಾಲೇಜಿನ ಫೀ ತನ್ನ ಕೈಯಲ್ಲಾಗದು ಎಂದು ಅಪ್ಪ ಮುಚ್ಚುಮರೆಯಿಲ್ಲದೆ ಹೇಳಿದ. ಅರ್ಧ ಫೀ ಸಿಕ್ಕರೂ ಉಪಯೋಗವಿಲ್ಲ, ಉಳಿದರ್ಧಕ್ಕೆ ದಾರಿಯಿಲ್ಲ. ಪೂರ್ತಿ ಸಿಕ್ಕರೆ ಕಾಲೇಜು, ಸಿಗದಿದ್ದರೆ ಮದುವೆ. ಇದು ಅಪ್ಪ ಹಾಕಿದ ಲೆಕ್ಕ. ಆಯಿಯ ಲೆಕ್ಕ ಇದಕ್ಕಿಂತ ಸರಳವಾಗಿತ್ತು: ಏನು ಸಿಕ್ಕರೂ ಮದುವೆ. “ಹೆಣ್ಣುಮಗಳು ಮ್ಯಾಟ್ರಿಕ್ ಆದ್ಲು, ಅದ ಹೆಚ್ಚಾತು. ಇನ್ನೂ ಓದಿದ್ರ ವರಾ ಎಲ್ಲಿಂದ ತರ್ತಿ? ವಿಲಾಯಿತಿಯಿಂದ ತರ್ತಿಯೇನು?” ಎಂದು ಅಪ್ಪನ ಬೆನ್ನು ಹತ್ತಿದ್ದಳು. ಅಪ್ಪ ಅವಳ ಎದುರು ಎಂದೂ ಮಾತಾಡಿದವನಲ್ಲ. ಆಯಿ ಮಾತು ಮುಗಿಸಿದಾಗ “ಹೂಂ” ಎನ್ನುತ್ತಿದ್ದ, ನಾನು ಮಾತು ಮುಗಿಸಿದಾಗಲೂ “ಹೂಂ” ಎನ್ನುತ್ತಿದ್ದ. ಅವನ ಹೂಂ ನನ್ನ ಕಡೆ ಎಷ್ಟು, ಆಯಿಯ ಕಡೆ ಎಷ್ಟು ಎಂದು ತೂಗಿ ನೋಡುವುದರಲ್ಲೇ ನನ್ನ ಆ ಬೇಸಿಗೆ ರಜೆ ಕಳೆಯಿತು. ಅರ್ಜಿಯನ್ನಂತೂ ಹೆಡ್‌ಮಾಸ್ತರರೇ ಕೂತು ಬರೆಸಿದರು. “ಸದ್ರಿ ವಿದ್ಯಾರ್ಥಿನಿಯು ಸೌಮ್ಯ ಸ್ವಭಾವದವಳು” ಎಂದು ಅವರು ಬಾಯಿಂದ ಹೇಳಿ ನನ್ನ ಕೈಯಿಂದ ಬರೆಸುವಾಗ, ಒಳಗಿನಿಂದ ಆಯಿ ಕೆಮ್ಮಿದ್ದು ನನಗೆ ಕೇಳಿಸಿತ್ತು.

ಈ ಫಂಡಿನ ಬಗ್ಗೆ ಎರಡು ಮಾತು ಹೇಳಬೇಕು. ಪೇಟೆಗೆ ಬಂದ ಹತ್ತಿಯ ಗಾಡಿ ಮಾರಾಟವಾದಾಗಲೆಲ್ಲ ಅಡತಿ ಅಂಗಡಿಯವರು, ಅಂದರೆ ದಲಾಲರು, ಧರ್ಮಾದಾಯವೆಂದು ಒಂದಿಷ್ಟು ಎತ್ತಿಡುತ್ತಿದ್ದರು. ಆ ದುಡ್ಡು ಮೊದಲು ಬೇಸಿಗೆಯ ಅರವಟ್ಟಿಗೆಗೆ, ಆಮೇಲೆ ಧರ್ಮಶಾಲೆಗೆ ಖರ್ಚಾಗಿ, ಕಡೆಗೆ ಕಾಲೇಜಿನ ಫೀ ತನಕ ಬಂದು ಮುಟ್ಟಿತ್ತು. ನಡೆಸುವವರೆಲ್ಲ ವ್ಯಾಪಾರಸ್ಥರಾದ್ದರಿಂದ ನಡೆಸುವ ರೀತಿಯೂ ಪೇಟೆಯದೇ. ಆಗ ಪೇಟೆಯಲ್ಲಿ ಹತ್ತಿಯ ಧಾರಣೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಹೆಗಲ ಮೇಲಿನ ಶಲ್ಯವನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಬೆಲೆ ಗೊತ್ತುಮಾಡುತ್ತಿದ್ದರು. ಮಾಲು ಕೊಂಡವನ ಕೈ ಮುಟ್ಟುವ ತನಕ ಆ ಮಾತು ಶಲ್ಯದ ಹೊರಗೆ ಬರಬಾರದು. ಫಂಡಿನ ಹಿರಿಯರು ಅದೇ ಪದ್ಧತಿಯನ್ನು ವಿದ್ಯಾರ್ಥಿಗಳಿಗೂ ಹಚ್ಚಿದ್ದರು. ಅರ್ಜಿಯಲ್ಲಿ ಹೆಸರು, ಊರು, ಮಾರ್ಕು ಇಷ್ಟೇ. ಎಷ್ಟು ಬೇಕು ಎಂಬುದನ್ನು ಅಧ್ಯಕ್ಷರ ಎದುರು ಕೂತು ಶಲ್ಯದ ಕೆಳಗೆ ತಿಳಿಸಬೇಕು. ಒಂದು ಬೆರಳು ಹಿಡಿದರೆ ಪಾವು ಫೀ, ಎರಡಕ್ಕೆ ಅರ್ಧ, ಮೂರಕ್ಕೆ ಮುಕ್ಕಾಲು, ನಾಲ್ಕಕ್ಕೆ ಪೂರಾ. ಅಧ್ಯಕ್ಷರು ಒಪ್ಪಿದರೆ ಕೈಯನ್ನು ಒಮ್ಮೆ ಒತ್ತಿ ಬಿಡುತ್ತಿದ್ದರು. ಮನೆಯಲ್ಲಿ ಇಲ್ಲ ಎಂಬ ಮಾತನ್ನು ಯಾವ ಹುಡುಗನೂ ನಾಲ್ಕು ಮಂದಿಯ ಎದುರು ಆಡಬೇಕಾಗಬಾರದು ಎಂಬುದು ಅವರ ವಿಚಾರ. ಆಮೇಲೆ ಎಷ್ಟೋ ಕಡೆ ಎಷ್ಟೋ ಅರ್ಜಿಗಳನ್ನು ಹಿಡಿದುಕೊಂಡು ನಿಂತಿದ್ದೇನೆ. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಕೇಳಲಿಲ್ಲ. ಇಂಥ ಒಳ್ಳೆಯ ಪದ್ಧತಿಯಲ್ಲಿ ಒಂದೇ ಒಂದು ಕೊರತೆಯಿತ್ತು. ಹುಡುಗಿಯೊಬ್ಬಳು ಬಂದು ಎದುರು ಕೂತಾಳೆಂದು ಅವರಿಗೆ ಹೊಳೆದೇ ಇರಲಿಲ್ಲ.

ಕರೆದ ದಿನ ನಮ್ಮೂರ ಸಂತೆ. ಅಪ್ಪ ಅಂಗಡಿ ಬಿಡುವಂತಿಲ್ಲ. ಹೀಗಾಗಿ ನನ್ನ ಜೊತೆ ಹೊರಟವಳು ಆಯಿ. ನನ್ನ ಜೀವ ಅಲ್ಲೇ ಅರ್ಧ ಹಾರಿತ್ತು. ಸರ್ವಿಸ್ ಮೋಟಾರು ಊರ ಸೀಮೆ ದಾಟುವುದರೊಳಗೆ ಮೋಟಾರಿನಲ್ಲಿದ್ದ ಹೆಣ್ಣುಮಕ್ಕಳಿಗೆಲ್ಲ ಆಯಿ ನನ್ನ ವಯಸ್ಸು, ಬಣ್ಣ, ಎತ್ತರ ಹೇಳಿ, “ಗದಗಿನ್ಯಾಗ ಯಾರರ ಹುಡುಗರು ಇದ್ರ ಹೇಳ್ರೆವಾ” ಎಂದು ವಿಚಾರಿಸುತ್ತಿದ್ದಳು. ಫೀ ಕೇಳಲು ಹೊರಟವಳ ಬೆನ್ನಿಗೆ ವರ ಕೇಳುವವಳು! ನಾನು ಕಿಟಕಿಯ ಹೊರಗೆ ಮುಖ ಮಾಡಿ, ಅವಳು ಯಾರೋ ನಾನು ಯಾರೋ ಎಂಬಂತೆ ಕೂತೆ. ಅದರಿಂದಲೂ ಉಪಯೋಗವಾಗಲಿಲ್ಲ. “ಈಕಿನ ನೋಡ್ರಿ, ಹೊರಗ ನೋಡಾಕ ಹತ್ಯಾಳಲ್ಲ” ಎಂದು ನನ್ನ ಜಡೆ ಹಿಡಿದು ಇತ್ತ ತಿರುಗಿಸಿದಳು.

ಫಂಡಿನ ಕಚೇರಿಯೆಂದರೆ ಅಧ್ಯಕ್ಷರಾಗಿದ್ದ ಸಾವಕಾರರ ಅಡತಿ ಅಂಗಡಿಯ ಪಡಸಾಲೆ. ಗಾದಿ ಹಾಸಿ, ಲೋಡಿಗೆ ಒರಗಿ ಹಿರಿಯರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರಾಗಿ ಹುಡುಗರು ಹೋಗಿ ಸಾವಕಾರರ ಎದುರು ಕುಳಿತುಕೊಳ್ಳುವುದು, ಶಲ್ಯ ಬೀಳುವುದು, ಏಳುವುದು, ಕೈಮುಗಿದು ಹೊರಗೆ ಬರುವುದು. ಎಣ್ಣೆ ಹಾಕಿದ ಗಾಲಿಯ ಹಾಗೆ ಸಾಗಿತ್ತು. ನನ್ನ ಹೆಸರು ಕೂಗಿದರು. ಆಯಿ ಹೊರಗೆ ಕಟ್ಟೆಯ ಮೇಲೆ ಬುತ್ತಿಯ ಗಂಟು ಕಾಯುತ್ತ ಕೂತಳು. ನಾನು ಒಳಗೆ ಹೋಗಿ ಕುಳಿತೆ. ಸಾವಕಾರರು ಅರ್ಜಿ ಓದುತ್ತಲೇ ರೂಢಿಯಂತೆ ಶಲ್ಯ ಹರವಿ, ಕೆಳಗಿನಿಂದ ಕೈ ಚಾಚಿದರು. ಚಾಚಿದ ಕೈ ಅರ್ಧ ದಾರಿಗೆ ಬಂದಾಗ ತಲೆಯೆತ್ತಿ ನನ್ನನ್ನು ನೋಡಿದರು. ಕೆಂಡ ಮುಟ್ಟಿದವರಂತೆ ಕೈ ಹಿಂದಕ್ಕೆ ಹೋಯಿತು. ಪರರ ಮನೆಯ ಪ್ರಾಯದ ಹುಡುಗಿಯ ಕೈ ಹಿಡಿಯುವುದೆಂದರೇನು! ಹಿಡಿಯದೆ ಫೀ ಕೊಡುವುದೆಂದರೇನು!

ಹಿರಿಯರು ಚರ್ಚೆಗೆ ತೊಡಗಿದರು. ಒಬ್ಬರು, “ಬಾಯಿಲೆ ಹೇಳ್ಲಿ ಬಿಡ್ರಿ” ಎಂದರು. “ಹಂಗ ಹೇಳಿಸಿದ್ರ ಫಂಡು ಯಾಕ ಬೇಕ್ರಿ? ನಾಳೆ ಊರ ತುಂಬ ಆಗತೈತಿ” ಎಂದು ಸಾವಕಾರರು ಒಪ್ಪಲಿಲ್ಲ. ಇನ್ನೊಬ್ಬರು ಕಾಗದದ ಮೇಲೆ ಬರೆದು ಕೊಡಲಿ ಎಂದರು. “ಬರದಿದ್ದು ಉಳೀತೈತಿ, ಓದವ್ರು ಹುಟ್ಟತಾರ” ಎಂದು ಅದೂ ಬಿದ್ದುಹೋಯಿತು. ಮತ್ತೊಬ್ಬರು, ವಯಸ್ಸಾದವರು, ನಡುವೆ ಒಂದು ಕೋಲು ಹಿಡಿಯೋಣ, ಹುಡುಗಿ ಆ ತುದಿಯನ್ನು ಬೇಕಾದಷ್ಟು ಸಲ ಅಲುಗಿಸಲಿ, ಸಾವಕಾರರು ಈ ತುದಿಯಲ್ಲಿ ತಿಳಿದುಕೊಳ್ಳಲಿ ಎಂದರು. ಇದನ್ನು ಸಾವಕಾರರು ತುಸು ಹೊತ್ತು ನಿಜವಾಗಿಯೂ ವಿಚಾರ ಮಾಡಿದರು. ನನಗೆ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಕಡೆಗೆ ಯಾರೋ, “ಈ ವರ್ಷ ಹುಡುಗೂರಿಗೆ ಕೊಟ್ಟು, ಹುಡಿಗೇರದು ಮುಂದಿನ ವರ್ಷ ನೋಡಿದ್ರಾತು” ಎಂದರು. ನನಗೆ ಮುಂದಿನ ವರ್ಷವೆಂಬುದು ಇರಲಿಲ್ಲ. ಮುಂದಿನ ವರ್ಷ ನಾನು ಯಾರದೋ ಮನೆಯ ಒಲೆಯ ಮುಂದೆ ಇರುತ್ತಿದ್ದೆ.

“ಆಕಿ ಕೈ ಬ್ಯಾಡಾದ್ರ ನನ್ನ ಕೈ ಹಿಡೀರಿ” ಎಂದು ಬಾಗಿಲಿನಿಂದ ದನಿ ಬಂತು. ಆಯಿ ಬುತ್ತಿ ಬಿಟ್ಟು ಒಳಗೆ ಬಂದಿದ್ದಳು. “ನನ್ನ ಕೈ ಹಿಡಿಯಾಕ ಯಾರೂ ಅಂಜೂದು ಬ್ಯಾಡ. ಹಿಡಿದಾವ ಹೋಗಿ ಭಾಳ ವರ್ಷ ಆತು.” ಹಿರಿಯರೆಲ್ಲ ನಕ್ಕುಬಿಟ್ಟರು. ಸಾವಕಾರರಿಗೆ ಬದುಕಿದೆಯಾ ಬಡಜೀವವೇ ಎನಿಸಿತು. “ಬರ್ರಿ ಆಯಿ, ಕುಂಡ್ರಿ. ನೀವು ನಮಗ ತಾಯಿ ಇದ್ದಂಗ” ಎಂದು ಶಲ್ಯ ಹರವಿದರು. ಓದೇ ಬೇಡ ಎಂದು ಹಟ ಹಿಡಿದವಳ ಕೈಯಲ್ಲಿ ನನ್ನ ಓದು! ಒಂದು ಬೆರಳು ಹಿಡಿದು ಎದ್ದು ಬಂದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ, ಹೇಳುವಂತೆಯೂ ಇಲ್ಲ.

ಸಾವಕಾರರಿಗೆ ಒಂದು ಸಂಗತಿ ತಿಳಿದಿರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ನಮ್ಮ ಹೊಲಮನೆಯ ಎತ್ತುಗಳನ್ನೆಲ್ಲ ಕೊಂಡು ಮಾರಿದವಳು ಆಯಿ. ದನದ ಸಂತೆಯಲ್ಲಿ ಶಲ್ಯದ ಕೆಳಗೆ ಕೈ ಇಟ್ಟು ಪಳಗಿದವಳು. ಹುಡುಗರ ಕೈ ಹಿಡಿದು ಒತ್ತಿ ಬಿಡುವಷ್ಟು ಹೊತ್ತಿನಲ್ಲಿ ಇದೂ ಮುಗಿದೀತೆಂದು ಎಲ್ಲರೂ ನೋಡುತ್ತಿದ್ದರು. ಮುಗಿಯಲಿಲ್ಲ. ಶಲ್ಯ ಅಲುಗಿತು. ಸಾವಕಾರರ ಹುಬ್ಬು ಮೇಲೇರಿತು. ಆಯಿಯ ಮುಖ ಗೋಡೆ. ಶಲ್ಯ ಮತ್ತೆ ಅಲುಗಿತು, ಈ ಸಲ ಒಳಗೆ ಬೆಕ್ಕು ಹೊಕ್ಕ ಹಾಗೆ. ಆಯಿ “ತ್ಚು” ಎಂದು ಕೈ ಬಿಡಿಸಿಕೊಂಡು ಏಳಲು ಹೋದಳು. ಸಾವಕಾರರು, ಅದು ಧರ್ಮದ ಕೆಲಸ, ಏಳುವವಳನ್ನು ಹೋಗಗೊಟ್ಟರೆ ತಮಗೇನೂ ನಷ್ಟವಿಲ್ಲ ಎಂಬುದನ್ನು ಮರೆತು, “ಕುಂಡ್ರಿ ಕುಂಡ್ರಿ, ಹಿಂಗ ಎದ್ರ ಹೆಂಗ?” ಎಂದು ಅವಳನ್ನು ಕೂಡಿಸಿದರು. ಹಿರಿಯರ ಬೆನ್ನುಗಳು ಲೋಡು ಬಿಟ್ಟು ಮುಂದಕ್ಕೆ ಬಂದವು. ಹೊರಗಿದ್ದ ಗುಮಾಸ್ತರೂ ಬಾಗಿಲಲ್ಲಿ ನೆರೆದರು. ಸಾವಕಾರರು ಮುಂದೆ ಬಾಗಿ ಆಯಿಯ ಕಿವಿಯಲ್ಲಿ ಏನೋ ಒಂದು ಮಾತು ಕೇಳಿದರು. ಆಯಿ ಮೊದಲ ಸಲ ಅನುಮಾನಿಸಿದಳು. ನನ್ನ ಕಡೆ ಒಮ್ಮೆ ನೋಡಿದಳು. ಮಾರಲು ತಂದ ಎತ್ತನ್ನು ಕಡೆಯ ಸಲ ನೋಡುವ ನೋಟ ಅದು. ಆಮೇಲೆ ಶಲ್ಯದ ಕೆಳಗೆ ಏನನ್ನೋ ಗಟ್ಟಿಯಾಗಿ ಹಿಡಿದಳು. ಸಾವಕಾರರು ಕಣ್ಣು ಮುಚ್ಚಿ ತೆರೆದು ತಲೆಯಾಡಿಸಿದರು. “ಆತು” ಎಂದಳು ಆಯಿ. “ಆತು” ಎಂದರು ಸಾವಕಾರರು, ಅದೇ ಶಲ್ಯದಿಂದ ಹಣೆಯ ಬೆವರು ಒರೆಸಿಕೊಳ್ಳುತ್ತ.

“ಏನಾತು ಆಯಿ? ಎಷ್ಟು ಬೆರಳು?” ಎಂದು ಬೀದಿಗೆ ಬಂದೊಡನೆ ಗಂಟುಬಿದ್ದೆ. “ಮಾಲು ಮುಟ್ಟೂತನ ಹೇಳಂಗಿಲ್ಲ. ಬುತ್ತಿ ಬಿಚ್ಚು” ಎಂದಳು. ಊರಿಗೆ ಬರುವ ತನಕ ಅತ್ತೆ, ಕಾಡಿದೆ, ಮಾತು ಬಿಟ್ಟೆ. ಅವಳು ಅಲುಗಲಿಲ್ಲ. ಕಾಲೇಜು ತೆರೆಯುವ ಮೊದಲು ಫಂಡಿನಿಂದ ಫೀ ಬಂತು. ಪೂರಾ! ಅಪ್ಪನ ಹೂಂ ಅಂದು ಮೊದಲ ಸಲ ಪೂರ್ತಿಯಾಗಿ ನನ್ನ ಕಡೆ ವಾಲಿತು. ಆಯಿ ಮನಸ್ಸು ಬದಲಿಸಿದಳು, ಓದಿನ ಬೆಲೆ ಅರಿತಳು ಎಂದು ನಾನು ಹೋಗಿ ಅವಳ ಕಾಲಿಗೆ ಬಿದ್ದೆ. “ಏಳ, ಏಳ, ಓದು ಗೀದು ನನಗ್ಯಾಕ” ಎಂದಳು. ವಿನಯ ಎಂದುಕೊಂಡೆ.

ಧಾರವಾಡದ ದಿನಗಳ ಬಗ್ಗೆ ಬರೆಯಹೊರಟರೆ ಇದು ಬೇರೆ ಪ್ರಬಂಧವಾಗುತ್ತದೆ. ಆ ಊರಿನ ಮಳೆಗೆ ನನ್ನ ಶಿರಹಟ್ಟಿಯ ಒಣ ತಲೆ ಒಗ್ಗಿಕೊಂಡಿತು, ಓದಿದೆ, ಕನ್ನಡ ನಾಡು ಒಂದಾಗಬೇಕೆಂಬ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಕೂಗಿದೆ, ಇಷ್ಟು ಸಾಕು. ತೊಂದರೆ ಶುರುವಾದದ್ದು ಇಂಟರ್ ವರ್ಷದ ದೀಪಾವಳಿ ರಜೆಯಲ್ಲಿ. ಊರಿಗೆ ಬರುವ ಮೋಟಾರಿನಲ್ಲಿ ಪಕ್ಕದಲ್ಲಿ ಕೂತ ಲಕ್ಷ್ಮೇಶ್ವರದ ಹೆಂಗಸು ನನ್ನ ಊರು, ಮನೆ ವಿಚಾರಿಸಿ, ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, “ರೊಟ್ಟಿ ಬಡಿಯಾಕ ಬರದಾಕಿ ನೀನ ಏನವಾ?” ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅವಳ ಅಕ್ಕನ ಮಗನಿಗೆಂದು ನಮ್ಮ ಮನೆಗೆ ಕೇಳಲು ಹೋಗಿದ್ದರಂತೆ. ಒಳ್ಳೆಯ ಮನೆತನ, ನೀರಾವರಿ ಹೊಲ, ಹುಡುಗನ ಕೈಗೆ ಗಡಿಯಾರ. ಆಯಿ ಅವರಿಗೆ ಚಹಾ ಕೊಟ್ಟು, “ನಮ್ಮ ಹುಡುಗಿ ಬಡಿದ ರೊಟ್ಟಿ ನಕಾಶಿ ಇದ್ದಂಗ ಇರತಾವ್ರಿ, ಒಂದು ಕಡೆ ಸಮುದ್ರ, ಒಂದು ಕಡೆ ಗುಡ್ಡ” ಎಂದು ಹೇಳಿ ಕಳಿಸಿದ್ದಳು.

ಅದೊಂದೇ ಅಲ್ಲ. ಮುಂಡರಗಿಯಿಂದ ಬಂದವರಿಗೆ, “ಪುಸ್ತಕ ಹಿಡಿದ್ಲಂದ್ರ ಒಲಿ ಮ್ಯಾಲಿನ ಹಾಲು ಉಕ್ಕಿ ಹೋದ್ರೂ ಖಬರ ಇರಂಗಿಲ್ಲ” ಎಂದಿದ್ದಳು. ಬಾಳೆಹೊಸೂರಿನವರಿಗೆ, “ಸಿಟ್ಟು ಬಂದ್ರ ಮಾತು ಬಿಡ್ತಾಳ, ಎಂಟು ದಿನ ಆದ್ರೂ ಬಾಯಿ ತಗಿಯಂಗಿಲ್ಲ” ಎಂದಿದ್ದಳು. ಬೆಟಗೇರಿಯ ಕಡೆಯವರು ಒಬ್ಬರು ಇದಕ್ಕೆಲ್ಲ ಜಗ್ಗದೆ ಕೂತಾಗ, “ನಿದ್ದ್ಯಾಗ ಇಂಗ್ಲೀಷ್ ಮಾತಾಡ್ತಾಳ್ರಿ. ಏನ ಅಂತಾಳ ನಮಗ ತಿಳಿಯಂಗಿಲ್ಲ, ಬೈತಾಳೋ ಏನೋ” ಎಂದು ಅಪ್ಪಣೆ ಕೊಡಿಸಿದ್ದಳು. ಆ ಬೀಗರು ಉಪ್ಪಿಟ್ಟು ಅರ್ಧಕ್ಕೆ ಬಿಟ್ಟು ಎದ್ದರಂತೆ. ನನಗೆ ಮದುವೆಯಾಗುವ ಅವಸರವೇನೂ ಇರಲಿಲ್ಲ, ಖರೆ. ಆದರೆ ಬೇಡವೆನ್ನುವುದು ಬೇರೆ, ನಾಲ್ಕೂ ಊರುಗಳಲ್ಲಿ ಹೆಸರು ಕೆಡಿಸುವುದು ಬೇರೆ. ನನಗೆ ನಿಜವಾಗಿ ಸಂಕಟವಾಯಿತು. ತಾಯಿಯಿಲ್ಲದ ನನ್ನನ್ನು ಹೆತ್ತ ಮಗಳಂತೆ ಸಾಕಿದವಳೇ ಹೀಗೆ ಆಡಿಕೊಂಡರೆ ಹೇಗೆ ಎಂದು ಜಗಳವಾಡಿ, ಅತ್ತು, ಊಟ ಬಿಟ್ಟೆ. ಆಯಿ ನನ್ನ ಜಡೆ ಬಿಚ್ಚಿ ಎಣ್ಣೆ ಹಚ್ಚುತ್ತ, “ಓದಾಕಿ ಓದು. ಹೆಸರಿನ ಉಸಾಬರಿ ನನಗ ಬಿಡು” ಎಂದಳೇ ಹೊರತು ಮತ್ತೇನೂ ಹೇಳಲಿಲ್ಲ. ನಾನು ಆ ರಜೆಯೆಲ್ಲ ಅವಳೊಡನೆ ಮಾತು ಬಿಟ್ಟೆ. ಹಾಗೆ ಮಾಡಿ ಬಾಳೆಹೊಸೂರಿನವರಿಗೆ ಹೇಳಿದ ಮಾತಿಗೆ ಸಾಕ್ಷಿ ಒದಗಿಸುತ್ತಿದ್ದೇನೆಂದು ಹೊಳೆಯಲಿಲ್ಲ.

ನಾನು ಬಿ.ಎ. ಪಾಸಾದ ವರ್ಷವೇ ಕನ್ನಡ ನಾಡುಗಳೂ ಒಂದಾಗುವುದು ಗೊತ್ತಾಗಿತ್ತು. ಊರೆಲ್ಲ ಆ ಸಂಭ್ರಮದಲ್ಲಿದ್ದಾಗ ಆಯಿ ಒಂದು ಪುಡಿಕೆ ಪೇಡೆ ಕಟ್ಟಿಕೊಂಡು ನನ್ನನ್ನು ಗದಗಿಗೆ ಹೊರಡಿಸಿದಳು. ಅದೇ ಪಡಸಾಲೆ. ಸಾವಕಾರರ ಮೀಸೆ ಬೆಳ್ಳಗಾಗಿತ್ತು. ಆಯಿ ನನ್ನನ್ನು ಮುಂದಕ್ಕೆ ನೂಕಿ, “ತಗೋರಿ, ಮಾಲು ಮುಟ್ಟಿತು” ಎಂದಳು. “ಮುಟ್ಟಿತ್ರಿ ಆಯಿ” ಎಂದು ಸಾವಕಾರರು ಎದ್ದು ನಿಂತು ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮಾಯಿ ನಮ್ಮ ಫಂಡಿನ್ಯಾಗ ಚೌಕಾಸಿ ಮಾಡಿದ ಒಬ್ಬಾಕಿನ ಹೆಣ್ಣುಮಗಳು. ನಾ ಎರಡು ಬೆರಳು ಅಂದೆ. ನಾಕು ಬೇಕು ಅಂದ್ಲು. ಮೂರಕ್ಕ ಬಂದೆ, ಎದ್ದಬಿಟ್ಲು. ಆವಾಗ ಕಿವ್ಯಾಗ ಕೇಳಿದೆ: ಪೂರಾ ಕೊಟ್ಟು, ನಡುವ ಮದುವಿ ಮಾಡಿ ಬಿಡಿಸಿದ್ರ ಏನು ಮಾಡೂದು ಅಂತ. ಆಕಿ ನನ್ನ ನಾಕೂ ಬೆರಳು ಹಿಡಿದ್ಲು. ನಾಕು ವರ್ಷ ಮದುವಿ ಇಲ್ಲ ಅಂತ.”

ನಾನು ಆಯಿಯ ಕಡೆ ನೋಡಿದೆ. ಕಣ್ಣು ತುಂಬಿ ಬಂತು. “ನಿನಗ ಓದಿನ ಮ್ಯಾಲೆ ಇಷ್ಟು ಜೀವ ಇತ್ತು, ನನಗ ಒಮ್ಮೆರ ಹೇಳಬಾರದಾ ಆಯಿ” ಎಂದೆ. ಆಯಿಗೆ ನನ್ನ ಮಾತೇ ತಿಳಿಯಲಿಲ್ಲ. “ಓದಿನ ಮ್ಯಾಲೆ ಯಾರಿಗಿತ್ತು ಜೀವ? ನಾ ಒಂದು ಬೆರಳು ಹಿಡಿದು ಎದ್ದು ಬರಬೇಕಂತನ ಒಳಗ ಹೋದಾಕಿ. ಈ ಮನುಷ್ಯಾ ನಾ ಕೇಳೂಕ್ಕಿಂತ ಮೊದಲ ಅರ್ಧ ಅಂದ! ನನ್ನ ಮಮ್ಮಗಳಿಗೆ ಅರ್ಧ! ಸಂತ್ಯಾಗ ನನಗ ಯಾರರ ಅರ್ಧ ಅಂದು ಉಳಿದಾರೇನು?” ಸಾವಕಾರರು ಹೊಟ್ಟೆ ಹಿಡಿದು ನಕ್ಕರು. ನನ್ನ ಕಣ್ಣೀರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಆದರೂ ಅಂದು ಮೋಟಾರಿನಲ್ಲಿ ಅವಳ ಆ ಒರಟು ಕೈಯನ್ನು ಊರು ಬರುವ ತನಕ ನಾನು ಬಿಡಲಿಲ್ಲ. ಓದು ಬೇಡವೆಂದು ನಂಬಿದವಳು, ಕೊಟ್ಟ ಮಾತಿಗಾಗಿ ಒಳ್ಳೊಳ್ಳೆಯ ವರಗಳನ್ನು ಬಾಗಿಲಿನಿಂದ ಕಳಿಸುವಾಗ ಅವಳಿಗೂ ಒಳಗೊಳಗೆ ಎಷ್ಟು ಉರಿದಿರಬೇಕು.

ಮರುದಿನದಿಂದಲೇ ಆಯಿ ವರ ಹುಡುಕಲು ನಿಂತಳು. ವರಗಳೇ ಬರಲಿಲ್ಲ. ಅವಳು ಅಷ್ಟು ನಿಷ್ಠೆಯಿಂದ ಬಿತ್ತಿದ್ದು ಶಿರಹಟ್ಟಿಯಿಂದ ಮುಂಡರಗಿಯ ತನಕ ಚೆನ್ನಾಗಿ ಬೆಳೆದು ನಿಂತಿತ್ತು. “ಅವೆಲ್ಲಾ ಸುಮ್ಮ ಹೇಳಿದ್ನಿ ಅಂತ ಹೇಳಿಬಿಡು” ಎಂದು ಅಪ್ಪ ಬೇಡಿಕೊಂಡ. ಆಯಿ ಮೂಗಿನ ಮೇಲೆ ಬೆರಳಿಟ್ಟು, ಅದು ಹ್ಯಾಗೆ ಸಾಧ್ಯ ಎಂಬಂತೆ ನೋಡಿದಳು. ಕಡೆಗೆ ನಾನು ಕೆಲಸಕ್ಕೆ ಸೇರಿದ ಸಾಲೆಯ ಮಾಸ್ತರರೊಬ್ಬರು ತಾವಾಗಿಯೇ ಬಂದು ಕೇಳಿದರು. ಆಯಿ ಚಹಾ ಕೊಟ್ಟು ಎಲ್ಲವನ್ನೂ ಮೊದಲಿನಿಂದ ಹೇಳಲು ಬಾಯಿ ತೆರೆದಾಗ ಅವರು ತಡೆದು, “ಎಲ್ಲಾ ಕೇಳೇನ್ರಿ ಆಯಿ. ಇದ್ದ ಐಬೆಲ್ಲಾ ಮೊದಲ ಗೊತ್ತಿದ್ರ ಆಮ್ಯಾಲೆ ತಕರಾರು ಇರಂಗಿಲ್ಲ” ಎಂದರು. ಇಂಥ ಗಿರಾಕಿ ಸಿಕ್ಕಾನೆಂದು ಆಯಿ ಕನಸಿನಲ್ಲೂ ಎಣಿಸಿರಲಿಲ್ಲ.

ನನ್ನ ಓದಿಗಾಗಿ ಆಯಿ ಎಷ್ಟು ಸುಳ್ಳು ಹೇಳಬೇಕಾಯಿತಲ್ಲ ಎಂದು ನಾನು ಬಹಳ ವರ್ಷ ಮರುಗುತ್ತಿದ್ದೆ. ಮೊನ್ನೆ ಒಂದು ಸಂಜೆ ಇದನ್ನೇ ಹೇಳಿ ನಿಟ್ಟುಸಿರು ಬಿಟ್ಟೆ. ನಮ್ಮ ಮನೆಯವರು ಕನ್ನಡಕ ತೆಗೆದು ಒರೆಸುತ್ತ ನನ್ನನ್ನು ನೋಡಿದರು. “ಸುಳ್ಳು? ಯಾವುದು?” ಎಂದರು. ನಾನು ನೆನಪು ಮಾಡಿಕೊಳ್ಳತೊಡಗಿದೆ. ರೊಟ್ಟಿ, ಹಾಲು, ಸಿಟ್ಟು. ಒಂದೊಂದಕ್ಕೂ ಅವರು ಗೋಣು ಹಾಕಿ ಹೌದೆನ್ನುತ್ತ ಹೋದರು. ಕಡೆಯದೊಂದು ಉಳಿದಿತ್ತು. “ನಿದ್ದೆಯಲ್ಲಿ ಇಂಗ್ಲಿಷು?” ಎಂದು ಕೇಳಿದೆ, ಇಲ್ಲಾದರೂ ಗೆದ್ದೇನೆಂಬ ಧೈರ್ಯದಲ್ಲಿ.

“ಬೈಯುವುದಂತೂ ಖರೆ,” ಎಂದರು ಅವರು, “ಭಾಷೆಯ ಕಡೆ ನಾ ಅಷ್ಟು ಲಕ್ಷ್ಯ ಕೊಟ್ಟಿಲ್ಲ.”